ಓಕ್ ಗಿಡದ ಬುಡದಲ್ಲಿ ಸೀಗಿ ಹುಣ್ಣಿಮೆ

ಈ ಸಂಚಿಕೆ ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕು. ಸಂಪಾದಕೀಯಕ್ಕೆ ಬೇರೊಂದು ವಿಷಯ ಇಟ್ಟುಕೊಂಡು ಅರ್ಧ ಬರೆದೂ ಇದ್ದೆ. ಆದರೆ ಹೋದ ರವಿವಾರ ಟೊರೊಂಟೊದ ಹೈ ಪಾರ್ಕಿನಲ್ಲಿ ಆಡಿದ ಮಾತುಗಳು ತಲೆಯಿಂದ ಇಳಿಯುತ್ತಿಲ್ಲ. ಆ ಅರ್ಧವನ್ನು ಬದಿಗಿಟ್ಟು ಇದನ್ನೇ ಬರೆಯುತ್ತಿದ್ದೇನೆ.

ನಡಿಗೆಯ ಕರೆಯೋಲೆಯಲ್ಲಿ ನಾನು ‘ಶರತ್ಕಾಲದ ನಿಸರ್ಗ ನಡಿಗೆ’ ಎಂದು ಬರೆದಿದ್ದೆ. ಹನ್ನೊಂದು ಮನೆಯವರು ಬಂದಿದ್ದರು. ಹೆಚ್ಚಿನವರು ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರು, ಜೊತೆಗೆ ಮೈಸೂರಿನ ಎರಡು ಮನೆ, ಸಾಗರದ ಒಂದು. ಮಗಳ ಬಾಣಂತನಕ್ಕೆಂದು ಬಂದು ಆರು ತಿಂಗಳು ಇಲ್ಲಿದ್ದ ಹಾವೇರಿಯ ಆಯಿಯೂ ಬಂದಿದ್ದರು. ಬರುವ ವಾರ ಅವರು ಊರಿಗೆ ಹೊರಡುತ್ತಾರೆ. ಗೇಟಿನ ಹತ್ತಿರ ಎಲ್ಲರೂ ಸೇರುವ ತನಕ ಕಾಯುತ್ತ ನಿಂತಾಗ ಅವರು ನನ್ನನ್ನು ಕರೆದು ಮೆತ್ತಗೆ ಕೇಳಿದರು: ‘ತಮ್ಮಾ, ನೀ ಬರದಿದ್ದು ಓದಿಸಿ ಕೇಳಿದೆ. ಈಗ ಶರದ್ ಅನ್ನೂದು ಖರೇ. ಆದ್ರ ಎಲಿ ಉದುರೂದು ಶಿವರಾತ್ರಿ ಮುಂದಲ್ಲೇನು? ಶರದ್ದಿನಾಗ ಹೊಲ ತುಂಬಿ ನಿಂತಿರತೈತಿ. ಉದುರೂ ಕಾಲಕ್ಕ ಆ ಹೆಸರು ಹೆಂಗ ಹೊಂದತೈತಿ?’

ನನ್ನ ಬಳಿ ಉತ್ತರವಿರಲಿಲ್ಲ. ಹದಿನೈದು ವರ್ಷದಿಂದ ಈ ದೇಶದ ಅಕ್ಟೋಬರಿಗೆ ಶರತ್ಕಾಲ ಎಂದು ಬರೆಯುತ್ತ ಬಂದಿದ್ದೇನೆ, ನಮ್ಮ ಕನ್ನಡ ಶಾಲೆಯ ಹಾಳೆಗಳಲ್ಲೂ ಹಾಗೆಯೇ ಇದೆ. ಆಯಿ ಹೇಳಿದ್ದು ಸರಿ. ಆಶ್ವಯುಜ, ಕಾರ್ತಿಕ ಶರದೃತು. ಮಾಘ, ಫಾಲ್ಗುಣ ಶಿಶಿರ. ನಮ್ಮ ಕಡೆ ತೇಗ ಬೋಳಾಗುವುದು, ಮುತ್ತಲ ಎಲೆಯೆಲ್ಲ ಕಳಚಿ ಕೆಂಪು ಹೂ ಹೊರುವುದು ಮಳೆ ನಿಂತು ತಿಂಗಳುಗಳು ಕಳೆದು ನೆಲ ಒಣಗಿದ ಮೇಲೆ. ಅಲ್ಲಿ ಗಿಡಕ್ಕೆ ನೀರಡಿಕೆ. ಇಲ್ಲಿ ಹಗಲು ಗಿಡ್ಡವಾಗುತ್ತದೆ, ಥಂಡಿ ಬೀಳುತ್ತದೆ, ನೆಲ ಹೆಪ್ಪುಗಟ್ಟಿದರೆ ಬೇರಿಗೆ ನೀರು ಹೀರಲು ಬರುವುದಿಲ್ಲ. ಅಷ್ಟರೊಳಗೆ ಗಿಡ ಎಲೆಯ ತೊಟ್ಟಿನ ಬುಡಕ್ಕೆ ತೆಳ್ಳನೆಯ ಪದರ ಕಟ್ಟಿಕೊಂಡು ಎಲೆಯನ್ನು ಬಿಟ್ಟುಕೊಡುತ್ತದೆ. ಎರಡು ಕಡೆಯೂ ನೀರಿನದೇ ಲೆಕ್ಕ, ತಿಂಗಳು ಮಾತ್ರ ಬೇರೆ. ‘ನಮ್ಮೂರಾಗ ಎಲಿ ಉದುರೂ ಕಾಲನ ಇಲ್ಲ’ ಎಂದು ನಾವು ಮಕ್ಕಳಿಗೆ ಹೇಳುತ್ತೇವಲ್ಲ, ಆ ಮಾತನ್ನು ಇನ್ನು ಮುಂದೆ ಹೇಳುವುದು ಬೇಡ. ಅದು ಸುಳ್ಳು.

ಹೈ ಪಾರ್ಕ್ ನಿಮಗೆಲ್ಲ ಗೊತ್ತು, ಚೆರ್ರಿ ಹೂವಿನ ಕಾಲಕ್ಕೆ ಹೋಗಿಯೇ ಇರುತ್ತೀರಿ. ಅಕ್ಟೋಬರಿನಲ್ಲೂ ಹೋಗಿ. 161 ಹೆಕ್ಟೇರ್ ಪಾರ್ಕಿನ ಸುಮಾರು ಮೂರನೇ ಒಂದು ಪಾಲನ್ನು ಹುಟ್ಟಿದ ಹಾಗೆಯೇ ಬಿಟ್ಟಿದ್ದಾರೆ. ಅಲ್ಲಿರುವುದು ಕಪ್ಪು ಓಕ್ ಗಿಡಗಳ ಹುಲ್ಲುಗಾವಲು. ಒಂದಕ್ಕೊಂದು ತಾಗದಂತೆ ದೂರ ದೂರ ನಿಂತ ಗಿಡ, ಕೆಳಗೆ ಎತ್ತರದ ಹುಲ್ಲು. ಈ ಜಾಗವನ್ನು 1873ರಲ್ಲಿ ಜಾನ್ ಹೊವರ್ಡ್ ಎಂಬ ವಾಸ್ತುಶಿಲ್ಪಿ ಊರ ಜನ ಸದಾಕಾಲ ಪುಕ್ಕಟೆ ತಿರುಗಾಡಲಿ ಎಂಬ ಷರತ್ತಿನ ಮೇಲೆ ನಗರಕ್ಕೆ ಬರೆದುಕೊಟ್ಟ. ನಮ್ಮ ಕಡೆ ಕೆರೆ ಕಟ್ಟಿಸಿದವರನ್ನು ನೆನೆಯುವ ಹಾಗೆ ಅವನನ್ನೂ ನೆನೆಯಬೇಕು.

ಮೇಪಲ್ ಎಲೆ ಕೆಂಪಾಗಿದ್ದವು. ಹಳದಿ ಬಣ್ಣ ಎಲೆಯೊಳಗೆ ಮೊದಲಿನಿಂದಲೂ ಇರುತ್ತದೆ, ಹಸಿರು ಕರಗಿದಾಗ ಕಾಣುತ್ತದೆ. ಕೆಂಪನ್ನು ಮಾತ್ರ ಗಿಡ ಈ ದಿನಗಳಲ್ಲಿ ಹೊಸದಾಗಿ ಮಾಡಿಕೊಳ್ಳುತ್ತದೆ. ಇದನ್ನು ನಮಗೆ ಹೇಳಿದವಳು ಏಳನೇ ಇಯತ್ತೆಯ ಹುಡುಗಿ. ಮಕ್ಕಳಿಗೆ ಇಲ್ಲಿನ ಗಿಡಗಳ ಹೆಸರು ಬಾಯಿಪಾಠವಿದೆ. ಓಕ್ ಎಲೆ ತೋರಿಸಿದರೆ ಕೆಂಪು ಓಕೋ, ಬಿಳಿ ಓಕೋ ಎಂದು ಅಂಚು ನೋಡಿ ಹೇಳುತ್ತಾರೆ. ಮೈಸೂರಿನವರ ಮಗ ‘ಮರ’ ಎಂದಾಗಲೆಲ್ಲ ನಮ್ಮ ಮಕ್ಕಳು ‘ಗಿಡ’ ಎಂದು ತಿದ್ದುತ್ತಿದ್ದರು. ಎಷ್ಟು ದೊಡ್ಡದಿದ್ದರೂ ನಮ್ಮ ಕಡೆ ಅದು ಗಿಡವೇ ಅಲ್ಲವೇ? ಆ ಒಂದು ಶಬ್ದ ಉಳಿದಿದೆ ಎಂದು ನನಗೆ ಖುಷಿಯಾಯಿತು.

ಊಟಕ್ಕೆ ಕೂತಾಗ ಸೀಗಿ ಹುಣ್ಣಿಮೆಯ ಮಾತು ಬಂತು. ಬರದೇ ಏನು, ಹುಣ್ಣಿಮೆ ಆಗಿ ನಾಲ್ಕೇ ದಿನ, ಎಲ್ಲರ ಡಬ್ಬಿಯಲ್ಲೂ ಅದೇ ಅಡಿಗೆ: ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಗುರೆಳ್ಳು ಹಿಂಡಿ. ಪುಂಡಿ ಪಲ್ಯ ಸಿಗಲಿಲ್ಲವೆಂದು ಒಬ್ಬರು ಪಾಲಕ್ ಮಾಡಿ ತಂದಿದ್ದರು. ಸಾಗರದವರು ‘ನಮ್ಮಲ್ಲಿ ಇದೇ ದಿನ ಭೂಮಿ ಹುಣ್ಣಿಮೆ’ ಎಂದರು.

ನಮ್ಮ ಹೊಲ ಲಕ್ಷ್ಮೇಶ್ವರದ ಕಡೆ. ಅರ್ಧ ಮಸಾರಿಯ ಕೆಂಪು ನೆಲ, ಅರ್ಧ ಎರಿಯ ಕಪ್ಪು ನೆಲ. ಹಿಂದಿನ ದಿನ ಸಂಜೆಯಿಂದಲೇ ಅವ್ವ, ಕಾಕಿಯರು ಒಲೆ ಮುಂದೆ ಕೂತರೆ ನಡುರಾತ್ರಿಯ ತನಕ ಏಳುತ್ತಿರಲಿಲ್ಲ. ಹೋಳಿಗೆ, ಕರಿಗಡಬು, ಉಂಡಗಡಬು, ಕರ್ಚಿಕಾಯಿ, ಬುತ್ತಿ ಅನ್ನ. ಬೆಳಿಗ್ಗೆ ಬುಟ್ಟಿಗಳ ಮೇಲೆ ಬಿಳಿ ಬಟ್ಟೆ ಮುಚ್ಚಿ ಚಕ್ಕಡಿಯಲ್ಲಿ ಇಡುತ್ತಿದ್ದರು. ಎತ್ತುಗಳ ಮೈ ತೊಳೆದು ಜೂಲು ಹೊದಿಸಿರುತ್ತಿತ್ತು. ನಾವು ಮಕ್ಕಳು ಚಕ್ಕಡಿಯ ಹಿಂದೆ ಕಾಲು ಇಳಿಬಿಟ್ಟು ಕೂರುತ್ತಿದ್ದೆವು. ದೂರದಲ್ಲಿ ಕಪ್ಪತಗುಡ್ಡ ಕಾಣಿಸಿದ ಕೂಡಲೇ ಅಜ್ಜ ಪ್ರತಿ ವರ್ಷವೂ ಅದೇ ಮಾತು ಹೇಳುತ್ತಿದ್ದರು: ‘ಎಪ್ಪತ್ತು ಗಿರಿ ನೋಡೂದಕ್ಕಿಂತ ಕಪ್ಪತಗಿರಿ ನೋಡಬೇಕು.’ ಹಂಗೆ ಹೇಳಿ ಕೈ ಮುಗಿಯುತ್ತಿದ್ದರು, ನಾವೂ ಮುಗಿಯುತ್ತಿದ್ದೆವು.

ಹೊಲದ ಬದುವಿನಲ್ಲಿ ಒಂದು ಬನ್ನಿ ಗಿಡ. ಅದರ ಬುಡಕ್ಕೆ ಐದು ಕಲ್ಲು ಸಾಲಾಗಿ ಇಟ್ಟು, ಸುಣ್ಣ ಬಳಿದು, ಕೆಮ್ಮಣ್ಣಿನ ಬೊಟ್ಟಿಟ್ಟರೆ ಅವು ಪಾಂಡವರು. ಅವ್ವ ಭೂಮಿತಾಯಿಗೆ ಕುಬಸದ ಕಣ, ಹಸಿರು ಬಳೆ ಇಟ್ಟು ಉಡಿ ತುಂಬುತ್ತಿದ್ದರು. ಬಸುರಿಗೆ ಮಾಡಿದ ಹಾಗೆಯೇ. ಬಯಕೆಯ ಊಟ ಮೊದಲು ಅವಳಿಗೆ, ಆಮೇಲೆ ನಮಗೆ. ಅಜ್ಜ ಎಲ್ಲ ಅಡಿಗೆಯನ್ನೂ ಸ್ವಲ್ಪ ಸ್ವಲ್ಪ ಬೆರೆಸಿದ ಚರಗದ ಬುಟ್ಟಿ ಹಿಡಿದು ಹೊಲದ ತುಂಬ ಚೆಲ್ಲುತ್ತ ಮುಂದೆ, ಕಾಕಾ ತಂಬಿಗೆಯ ನೀರು ಚಿಮುಕಿಸುತ್ತ ಹಿಂದೆ. ಅಜ್ಜ ‘ಹುಲ್ಲುಲ್ಲಿಗೋ’ ಎಂದರೆ ಕಾಕಾ ‘ಸಲಾಂಬ್ರಿಗೋ’ ಎನ್ನುತ್ತಿದ್ದರು. ಒಂದು ಸುತ್ತು ಹೊಲ ತಿರುಗಿ ಬರುವಷ್ಟರಲ್ಲಿ ಪಕ್ಕದ ಹೊಲದಿಂದಲೂ, ಅದರಾಚೆಯಿಂದಲೂ ಅದೇ ಕೂಗು. ಶೇಂಗಾ ಕಿತ್ತುವ ಹೊತ್ತು ಅದು, ಮೆಣಸಿನ ಗಿಡದ ತುಂಬ ಕಾಯಿ, ಎರಿಯಲ್ಲಿ ಹಿಂಗಾರಿ ಜೋಳ ಬಿತ್ತಿ ಮುಗಿದಿರುತ್ತಿತ್ತು ಇಲ್ಲವೇ ಕೂರಿಗೆ ಇನ್ನೂ ಹೊಲದಲ್ಲೇ ಇರುತ್ತಿತ್ತು. ಚರಗ ಚೆಲ್ಲುವಾಗ ಮಾತಾಡಬಾರದೆಂದು ಅವ್ವ ಹೇಳಿದ್ದರೂ ನಾನೊಮ್ಮೆ ಅಜ್ಜನ ಧೋತರ ಹಿಡಿದು ಕೇಳಿದ್ದೆ, ಇದನ್ನೆಲ್ಲ ಯಾರು ತಿಂತಾರ ಅಂತ. ಅಜ್ಜ ಸುತ್ತು ಮುಗಿಯುವ ತನಕ ಬಾಯಿ ಬಿಡಲಿಲ್ಲ. ಕೈ ತೊಳೆದುಕೊಂಡು ಊಟಕ್ಕೆ ಕೂತ ಮೇಲೆ ಹೇಳಿದರು: ‘ಇರವಿ ತಿಂತಾವು, ಹಕ್ಕಿ ತಿಂತಾವು, ಇಲಿ ತಿಂತಾವು. ಹೊಲ ನಮ್ಮೊಬ್ಬರದ ಅಂತ ತಿಳಿದಿಯೇನು?’

ಈ ಕಥೆಯನ್ನು ನಾನು ಓಕ್ ಗಿಡದ ಕೆಳಗೆ ಕೂತು ಇದಕ್ಕಿಂತ ಉದ್ದವಾಗಿಯೇ ಹೇಳಿದೆ. ಕೇಳುತ್ತಿದ್ದ ಆಯಿಯ ಏಳು ವರ್ಷದ ಮೊಮ್ಮಗಳು ಎದ್ದು, ತನ್ನ ತಟ್ಟೆಯ ರೊಟ್ಟಿ ಮುರಿದು ಗಿಡದ ಬುಡಕ್ಕೆ ಚೆಲ್ಲಿದಳು. ಪಾರ್ಕಿನಲ್ಲಿ ಪ್ರಾಣಿಗಳಿಗೆ ತಿನಿಸು ಹಾಕುವಂತಿಲ್ಲ. ಅವಳ ಅಪ್ಪ ಮೆಲ್ಲಗೆ ಹೇಳಿ ಚೂರುಗಳನ್ನೆಲ್ಲ ಆರಿಸಿಕೊಂಡರು. ಮಾಡಬೇಕಾದದ್ದು ಅದೇ, ಆದರೂ ಆ ಹುಡುಗಿಯ ಮುಖ ನೋಡಲಾಗಲಿಲ್ಲ. ಆಗ ಅವಳು ಕೇಳಿದಳು: ‘ಆಯಿ, ಎಲಿ ಎಲ್ಲಾ ಬೀಳಾಕತ್ತಾವ. ಹಂಗಾರ ಇಲ್ಲಿ ಭೂಮಿ ಯಾವಾಗ ಪ್ರೆಗ್ನೆಂಟ್ ಆಗ್ತಾಳ?’

ದೊಡ್ಡವರು ಯಾರೂ ಬಾಯಿ ತೆರೆಯಲಿಲ್ಲ. ಆಯಿ ಸುತ್ತಲೂ ನೋಡಿದರು. ನಮ್ಮಿಂದ ಹತ್ತು ಮಾರು ದೂರದಲ್ಲಿ ಇಲ್ಲಿನ ಕರಿ ಇಣಚಿಯೊಂದು (ಅಳಿಲು) ಓಕ್ ಕಾಯಿ ಬಾಯಲ್ಲಿ ಹಿಡಿದು, ಮುಂಗಾಲಿಂದ ನೆಲ ಕೆರೆದು, ಕಾಯಿ ಒತ್ತಿ, ಮೇಲೆ ಎಲೆ ಎಳೆಯುತ್ತಿತ್ತು. ‘ಅದು ಏನ್ ಮಾಡಾಕತ್ತೇತಿ ನೋಡವಾ’ ಎಂದರು ಆಯಿ. ‘ಬಿತ್ತಾಕತ್ತೇತಿ. ನಮ್ಮೂರಾಗೂ ಈಗ ಹಿಂಗಾರಿ ಬಿತ್ತಾಕತ್ತಾರ.’

ಮನೆಗೆ ಬಂದು ಪುಸ್ತಕ ತೆಗೆದು ನೋಡಿದೆ. ಇಣಚಿ ಹೂತಿಟ್ಟ ಕಾಯಿಯಲ್ಲಿ ಎಲ್ಲವನ್ನೂ ಮರಳಿ ತೆಗೆಯುವುದಿಲ್ಲ, ಉಳಿದವು ಗಿಡವಾಗುತ್ತವೆ. ಕಪ್ಪು ಓಕಿನ ಕಾಯಿಗೆ ಒಂದು ಚಳಿಗಾಲ ಮಣ್ಣಿನಲ್ಲಿ ಕಳೆದರೇ ವಸಂತದಲ್ಲಿ ಮೊಳಕೆ. ಶಾಲೆಯ ಮೆಟ್ಟಿಲು ಹತ್ತದ ಆಯಿ ಒಂದು ನೋಟದಲ್ಲಿ ಕಂಡದ್ದನ್ನು ಈ ದೇಶದಲ್ಲಿ ಇಷ್ಟು ವರ್ಷ ತಿರುಗಾಡಿಯೂ ನಾನು ಕಂಡಿರಲಿಲ್ಲ.

ಹೊರಡುವ ಮುಂದೆ ಗ್ರೆನೇಡಿಯರ್ ಕೆರೆಯ ಮೇಲೆ ಬಾತುಗಳ ಸಾಲು ಹಾದುಹೋಯಿತು, ದಕ್ಷಿಣಕ್ಕೆ. ಇದೇ ದಿನಗಳಲ್ಲಿ ಪಟ್ಟೆ ತಲೆಯ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ನಮ್ಮ ಮಾಗಡಿ ಕೆರೆಯ ದಾರಿ ಹಿಡಿದಿರುತ್ತವೆ. ಲಕ್ಷ್ಮೇಶ್ವರದಿಂದ ಹನ್ನೊಂದು ಕಿಲೋಮೀಟರ್. 2024ರಲ್ಲಿ ಆ ಕೆರೆಗೆ, ಜಾಗತಿಕ ಮಹತ್ವದ ಜೌಗುನೆಲಗಳಿಗೆ ಕೊಡುವ ರಾಮ್ಸರ್ ಮನ್ನಣೆಯೂ ಸಿಕ್ಕಿತು. ಚಳಿಗಾಲಕ್ಕೆ ಊರಿಗೆ ಹೋಗುವವರು ಮಕ್ಕಳನ್ನು ಬೆಳಗಿನ ಹೊತ್ತು ಅಲ್ಲಿಗೆ ಕರೆದುಕೊಂಡು ಹೋಗಿ, ಇದು ನನ್ನ ಕಳಕಳಿಯ ಕೋರಿಕೆ. ಮಾಲ್ ಆಮೇಲೆ ನೋಡಿದರಾಯಿತು.

ಈಗ ಸೂಚನೆಗಳು, ಜಾಗ ಕಡಿಮೆ ಇದೆ. ದೀಪಾವಳಿ ಮತ್ತು ರಾಜ್ಯೋತ್ಸವ ಈ ಸಲವೂ ಒಂದೇ ದಿನ, ನವೆಂಬರ್ ಎರಡನೇ ಶನಿವಾರ, ಯಾವಾಗಿನ ಶಾಲೆಯ ಸಭಾಂಗಣ, ಮಧ್ಯಾಹ್ನ 3ಕ್ಕೆ. ನಾಡಗೀತೆಗೆ ಹಾಡುವ ಮಕ್ಕಳ ತಾಲೀಮು ಪ್ರತಿ ಶುಕ್ರವಾರ ಸಂಜೆ 6ಕ್ಕೆ. ನವೆಂಬರ್ ಮೊದಲ ರವಿವಾರ ಗಡಿಯಾರ ಒಂದು ತಾಸು ಹಿಂದಕ್ಕೆ ಹೋಗುತ್ತದೆ. ಅವತ್ತಿನ ಕನ್ನಡ ತರಗತಿಗೆ ಹೊಸ ವೇಳೆಗೇ ಬನ್ನಿ. ಅಡಿಗೆಗೆ ಕೈ ಹಚ್ಚುವವರು ಖಜಾಂಚಿಯವರಿಗೆ ಹೆಸರು ಕೊಡಿ. ಊಟದ ಕೂಪನ್ ಬಾಗಿಲಲ್ಲಿ ಸಿಗುವುದಿಲ್ಲ, ದಯವಿಟ್ಟು ಮೊದಲೇ ತೆಗೆದುಕೊಳ್ಳಿ.

ಮುಂದಿನ ಸಂಚಿಕೆಗೆ ನಿಮ್ಮಿಂದ ಒಂದು ಬೇಕು. ನಿಮ್ಮೂರಿನ ಒಂದು ಗಿಡದ ಬಗ್ಗೆ ಇನ್ನೂರು ಶಬ್ದ ಬರೆಯಿರಿ. ಹೊಂಗೆ, ಬನ್ನಿ, ಹುಣಸಿ, ಮುತ್ತಲ, ಬಾರಿ, ಯಾವುದಾದರೂ. ನಿಮ್ಮ ಓಣಿಯಲ್ಲಿ ಅದಕ್ಕೆ ಏನೆನ್ನುತ್ತಿದ್ದರೋ ಅದೇ ಹೆಸರು ಹಾಕಿ, ಎಲೆ ಯಾವ ತಿಂಗಳಲ್ಲಿ ಉದುರುತ್ತಿತ್ತು ಎಂಬುದನ್ನೂ ಬರೆಯಿರಿ. ಗೊತ್ತಿಲ್ಲದಿದ್ದರೆ ಊರಿಗೆ ಫೋನ್ ಮಾಡಿ ಕೇಳಿ. ಕೈಬರಹವಾದರೂ ಸರಿ, ಟೈಪ್ ನಾನು ಮಾಡುತ್ತೇನೆ.

ಟೈಪ್ ನಾನು ಮಾಡುತ್ತೇನೆ ಎಂದೆ, ಆದರೆ ಈ ಕೆಲಸಕ್ಕೆ ನನಗೆ ಜೊತೆ ಬೇಕು. ಆರು ವರ್ಷದಿಂದ ಬರಹ ತರಿಸುವುದು, ಕರಡು ತಿದ್ದುವುದು, ಪುಟ ಕಟ್ಟುವುದು ಎಲ್ಲ ಒಂದೇ ಕೈಯಲ್ಲಿ ನಡೆದಿದೆ. ತಿಂಗಳಿಗೆ ಎರಡು ಸಂಜೆ ಕೊಡಬಲ್ಲ ಇಬ್ಬರು ಸಿಕ್ಕರೆ ಪತ್ರಿಕೆ ನಿಲ್ಲುವುದಿಲ್ಲ. ಯುಗಾದಿ ಸಂಚಿಕೆಯ ಹೊತ್ತಿಗೆ ಯಾರಾದರೂ ಮುಂದೆ ಬನ್ನಿ.

ಕೊನೆಯದಾಗಿ, ನಡಿಗೆಯ ದಿನ ಬೆಂಚಿನ ಮೇಲೆ ಒಂದು ಸ್ಟೀಲ್ ಡಬ್ಬಿ ಉಳಿದಿತ್ತು. ಮೂರು ತಾಳಿನದು, ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಯಾರದೋ ಹೆಸರು ಹಾಕಿಸಿದೆ, ಕೆಳಗೆ ‘ಗದಗ’ ಎಂದಿದೆ. ಹೆಸರು ಸವೆದು ಓದಲು ಬರುತ್ತಿಲ್ಲ. ಡಬ್ಬಿ ನಮ್ಮ ಮನೆಯಲ್ಲಿದೆ. ಖಾಲಿ ಕೊಡಬಾರದೆಂದು ಸ್ವಲ್ಪ ಸಕ್ಕರೆ ಹಾಕಿಟ್ಟಿದ್ದೇನೆ, ಬಂದು ಒಯ್ಯಿರಿ.