ಬುದ್ಧಿಮಾತು ಸಾಕು, ಹೊಂಡಕ್ಕೆ ಹಗ್ಗ ಕಟ್ಟಿ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಕಾಲೇಜು ಶುರುವಾಗುವ ತನಕ ಹಾಸನ, ಚಿಕ್ಕಮಗಳೂರು ಜಿಲ್ಲಾ ಪುಟಗಳಲ್ಲಿ ಒಂದೇ ಬಗೆಯ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಈಜಲು ಹೋದ ಹುಡುಗರು ನೀರುಪಾಲು, ಬೈಕ್ ಮರಕ್ಕೆ ಡಿಕ್ಕಿ. ಸುದ್ದಿಯ ಕೊನೆಗೆ ಪೋಷಕರು ನಿಗಾ ವಹಿಸಬೇಕೆಂಬ ಮನವಿ ಇದ್ದೇ ಇರುತ್ತದೆ. ಬೆಳಿಗ್ಗೆ ತೋಟದ ಕೆಲಸಕ್ಕೆ ಹೋಗಿ ಸಂಜೆ ಬರುವ ಅಪ್ಪ ಅಮ್ಮ ಹದಿನಾರರ ಹುಡುಗನ ಮೇಲೆ ಹೇಗೆ ನಿಗಾ ಇಡುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಆ ವಯಸ್ಸಿನವರಿಗೆ ಅಪಾಯ ಗೊತ್ತಿಲ್ಲ ಎಂದೇನಿಲ್ಲ. ಕೇಳಿದರೆ ಎಲ್ಲವನ್ನೂ ಸರಿಯಾಗಿಯೇ ಹೇಳುತ್ತಾರೆ. ಜೊತೆಗೆ ನಾಲ್ವರು ಗೆಳೆಯರಿದ್ದರೆ ಗೊತ್ತಿದ್ದೂ ಇಳಿಯುತ್ತಾರೆ. ಮನಸ್ಸನ್ನು ತಡೆದು ನಿಲ್ಲಿಸುವ ಮಿದುಳಿನ ಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಆದ್ದರಿಂದ ಭಾಷಣ ಕಡಿಮೆ ಮಾಡಿ, ಬೇಲಿ, ಬೀಗ, ಹಗ್ಗ, ಬಸ್ಸುಗಳ ಕಡೆ ಗಮನ ಕೊಡಿ ಎಂದು ಕೇಳಲು ಈ ಪತ್ರ.

ಮೊದಲು ಕೃಷಿ ಹೊಂಡ. ಕಡೂರು, ಅರಸೀಕೆರೆ ಕಡೆ ಕೃಷಿ ಭಾಗ್ಯ ಯೋಜನೆಯ ಹೊಂಡಗಳಿವೆ. ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಸ್ಪ್ರಿಂಕ್ಲರ್‌ಗೆಂದು ತೋಡಿಸಿದವು. ಸಾಮಾನ್ಯವಾಗಿ 3 ಮೀಟರ್ ಆಳ, ನಾಲ್ಕೂ ಕಡೆ ಇಳಿಜಾರು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ. ನೀರು ನಿಂತ ಕಡೆಯೆಲ್ಲ ಹಾಳೆಯ ಮೇಲೆ ಪಾಚಿ. ತುಂಬಿದ ಹೊಂಡಕ್ಕಿಂತ ಅರ್ಧ ಖಾಲಿಯಾದ ಹೊಂಡವೇ ಹೆಚ್ಚು ಅಪಾಯ. ತುಂಬಿದ್ದಾಗ ದಡದ ಮಣ್ಣಿಗೆ ಕೈ ಎಟುಕುತ್ತದೆ. ನೀರು ಐದಡಿ ಇಳಿದರೆ ಮೇಲೆ ಏಳಡಿಯಷ್ಟು ಜಾರುವ ಪ್ಲಾಸ್ಟಿಕ್ ಉಳಿಯುತ್ತದೆ, ಈಜು ಬಲ್ಲವನೂ ಹತ್ತಲಾರ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ನೀರು ಹಾರಿಸಿ ಹೊಂಡ ಅರ್ಧಕ್ಕಿಳಿಯುವ ಹೊತ್ತಿಗೆ ಸರಿಯಾಗಿ ಮಕ್ಕಳಿಗೆ ರಜೆ ಸಿಗುತ್ತದೆ.

ಬೇಲಿ ಐದಡಿ ಇರಬೇಕು, ಗೇಟಿಗೆ ಬೀಗವಿರಬೇಕು. ಬೇಲಿ ಹಾಕಿದ ಕಡೆಯೂ ಪಂಪಿನ ಪೈಪಿಗೆಂದು ಬಿಟ್ಟ ಸಂದಿಯಲ್ಲೇ ಹುಡುಗರು ನುಗ್ಗುತ್ತಾರೆ. ಪೈಪನ್ನು ಬೇಲಿಯ ಕೆಳಗೆ ಹೂತು ಸಂದಿ ಮುಚ್ಚಬೇಕು. ಬೇಲಿಗೆ ದುಡ್ಡಿಲ್ಲದಿದ್ದರೂ ಹಗ್ಗಕ್ಕೆ ನೆವ ಹೇಳುವಂತಿಲ್ಲ. 12 ಎಂ.ಎಂ. ದಪ್ಪದ ಪ್ಲಾಸ್ಟಿಕ್ ಹಗ್ಗ ತಂದು ಅಡಿಗೊಂದು ಗಂಟು ಹಾಕಿ, ನಾಲ್ಕೂ ಬದಿಗೆ ಒಂದೊಂದು ಇಳಿಬಿಡಿ. ಮೇಲಿನ ತುದಿಯನ್ನು ದಡದಿಂದ ಮೂರಡಿ ಹಿಂದೆ ಗಟ್ಟಿಯಾಗಿ ನೆಟ್ಟ ಕಲ್ಲುಕಂಬಕ್ಕೆ ಕಟ್ಟಬೇಕು, ಬೇಲಿಯ ಕಂಬಕ್ಕಲ್ಲ. ಕೆಳಗಿನ ತುದಿ ಹೊಂಡದ ತಳ ಮುಟ್ಟಬೇಕು. ತುಂಬಿದ ನೀರಿನ ಮಟ್ಟಕ್ಕೆ ಅಳತೆ ಮಾಡಿ ಕಟ್ಟಿದ ಹಗ್ಗ ಏಪ್ರಿಲ್‌ನಲ್ಲಿ ಗಾಳಿಯಲ್ಲಿ ತೂಗಾಡುತ್ತಿರುತ್ತದೆ. ಬಟ್ಟೆ ಒಣಹಾಕುವ ದಾರದಂಥ ಸಣ್ಣ ಹಗ್ಗ ಒದ್ದೆ ಕೈಗೆ ಹಿಡಿತ ಕೊಡುವುದಿಲ್ಲ. ಬಿಸಿಲಿಗೆ ಎಳೆಗಳು ಪುಡಿಯಾಗುತ್ತವೆ, ಎರಡು ಬೇಸಿಗೆಗೊಮ್ಮೆ ಬದಲಿಸಿ. ಜೊತೆಗೆ ಗಾಳಿ ತುಂಬಿದ ಲಾರಿ ಟ್ಯೂಬಿಗೆ 30 ಅಡಿ ಹಗ್ಗ ಕಟ್ಟಿ ಕಂಬಕ್ಕೆ ನೇತುಹಾಕಿ. ಟ್ಯೂಬು ಕಳುವಾಗುತ್ತದೆ ಎನ್ನುವವರು ಮುಚ್ಚಳ ಬಿಗಿದ 20 ಲೀಟರ್‌ನ ಖಾಲಿ ಕ್ಯಾನ್ ಕಟ್ಟಲಿ, ಒಬ್ಬರನ್ನು ತೇಲಿಸಲು ಅದು ಸಾಕು.

ಕೃಷಿ ಇಲಾಖೆಗೆ ನಮ್ಮ ಬೇಡಿಕೆ ಒಂದೇ. ಹೊಂಡದ ಕೊನೆಯ ಕಂತಿನ ಸಹಾಯಧನ ಬಿಡುಗಡೆ ಮಾಡುವ ಮುನ್ನ ಬೇಲಿ ಮತ್ತು ನಾಲ್ಕು ಹಗ್ಗ ಕಾಣುವ ಜಿಪಿಎಸ್ ಫೋಟೊ ಕಡ್ಡಾಯ ಮಾಡಿ. ಹೊಂಡ ತೋಡಿದ್ದಕ್ಕೆ ಫೋಟೊ ಕೇಳುವ ಇಲಾಖೆಗೆ ಇದೇನೂ ಹೊಸ ಕೆಲಸವಲ್ಲ.

ಕೆರೆಯ ಕಥೆ ಬೇರೆ. ಹೂಳೆತ್ತುವ ಹೆಸರಲ್ಲಿ ಜೆಸಿಬಿ ಒಂದೇ ಕಡೆ ಹದಿನೈದಡಿ ಬಗೆದು ಮಣ್ಣು ಸಾಗಿಸಿರುತ್ತದೆ. ಮಳೆ ಬಂದು ನೀರು ತುಂಬಿದರೆ ಮೊಣಕಾಲುದ್ದದ ನೀರಿನ ಪಕ್ಕದಲ್ಲೇ ಗುಂಡಿ ಇರುವುದು ಕಾಣುವುದಿಲ್ಲ. ಅಪ್ಪ ಈಜಿದ ಕೆರೆ ಇದಲ್ಲ, ತಳವೇ ಬದಲಾಗಿದೆ. ಹೂಳು ತೆಗೆಯುವ ಗುತ್ತಿಗೆಯಲ್ಲೇ ಗುಂಡಿಯ ಅಂಚನ್ನು ಇಳಿಜಾರು ಮಾಡಬೇಕೆಂಬ ಷರತ್ತು ಸೇರಿಸಿ, ಗ್ರಾಮ ಪಂಚಾಯಿತಿ ಅದನ್ನು ನೋಡಿದ ಮೇಲೆ ಬಿಲ್ ಆಗಲಿ. ಹೇಮಾವತಿ ನಾಲೆಗಳಲ್ಲಿ ಸಿಮೆಂಟ್ ಗೋಡೆಯ ಪಾಚಿಯೇ ಶತ್ರು. ಬಿದ್ದ ಕಡೆಯೇ ಹತ್ತಲು ಹೋಗಿ ಕೈಸೋಲುವವರೇ ಹೆಚ್ಚು. ಬೆನ್ನ ಮೇಲೆ ಮಲಗಿ, ಕಾಲು ಮುಂದೆ ಮಾಡಿ, ನೀರಿನೊಂದಿಗೆ ಸಾಗುತ್ತಾ ಮುಂದಿನ ಮೆಟ್ಟಿಲಿನ ಕಡೆ ಓರೆಯಾಗಿ ಸರಿಯಬೇಕು. ತೂಬಿನ ಹತ್ತಿರವಂತೂ ಇಳಿಯಲೇಬಾರದು, ಮೇಲೆ ನೀರು ಶಾಂತವಾಗಿ ಕಂಡರೂ ಒಳಗಿನ ಸೆಳೆತ ಬಿಡುವುದಿಲ್ಲ.

ಒಂದೇ ಕಡೆ ಇಬ್ಬರು, ಮೂವರು ಸಾಯುವುದು ಏಕೆ? ಮೊದಲು ಒಬ್ಬ ಜಾರುತ್ತಾನೆ, ಉಳಿದವರು ಅವನನ್ನು ಹಿಡಿಯಲು ಹಾರುತ್ತಾರೆ. ಮುಳುಗುವವನು ಕೂಗುವುದಿಲ್ಲ, ಉಸಿರಿಗೇ ಬಾಯಿ ಸಾಲದು. ಹತ್ತಿರ ಬಂದವರ ಹೆಗಲೇರಿ ಕೆಳಗೊತ್ತುತ್ತಾನೆ. ದಡದಲ್ಲಿ ಬೋರಲು ಮಲಗಿ ಪಂಚೆ, ವೇಲ್, ಬಿದಿರು ಗಳ, ಸಿಕ್ಕಿದ್ದನ್ನು ಚಾಚಬೇಕು. ಇದನ್ನು ಶಾಲೆಯ ಅಂಗಳದಲ್ಲಿ ನೀರೇ ಇಲ್ಲದೆ ಅರ್ಧ ಗಂಟೆಯಲ್ಲಿ ಕಲಿಸಬಹುದು. ಮೇಲೆತ್ತಿದ ಮೇಲೆ ಉಸಿರಿಲ್ಲದಿದ್ದರೆ ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಮೊದಲು ಎರಡು ಸಲ ಉಸಿರು ಊದಿ. ನಂತರ ಎದೆಯ ನಡುವೆ 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಒತ್ತು, ಮತ್ತೆ ಎರಡು ಉಸಿರು. 108ರ ಆಂಬುಲೆನ್ಸ್ ಬರುವ ತನಕ ನಿಲ್ಲಿಸಬಾರದು. ನಮ್ಮಲ್ಲಿ ನಡೆಯುವುದೇನೆಂದರೆ ತಲೆಕೆಳಗೆ ಮಾಡಿ ತಿರುಗಿಸುವುದು, ಹೊಟ್ಟೆ ಅಮುಕಿ ನೀರು ತೆಗೆಯುವುದು. ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿಯುವುದೇ ಅದರ ಫಲ. ವಾಟ್ಸ್‌ಆ್ಯಪ್ ಸಂದೇಶ ನಂಬಿ ಮಕ್ಕಳ ದೇಹವನ್ನು ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿ ಹೂತಿಟ್ಟ ಘಟನೆಗಳೂ ನಮ್ಮ ರಾಜ್ಯದಲ್ಲೇ ನಡೆದಿವೆ. ಉಸಿರು ನಿಂತು ನಾಲ್ಕರಿಂದ ಆರು ನಿಮಿಷದಲ್ಲಿ ಮಿದುಳಿಗೆ ಹಾನಿ ಶುರುವಾಗುತ್ತದೆ, ಉಪ್ಪು ತರಲು ಹೋಗುವ ಹೊತ್ತಿಗೆ ಆ ಹೊತ್ತು ಕಳೆದಿರುತ್ತದೆ. ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಕರೆದೊಯ್ಯಿರಿ, ಉಸಿರಾಟದ ತೊಂದರೆ ಕೆಲವು ಗಂಟೆ ತಡವಾಗಿ ಕಾಣಿಸಿಕೊಳ್ಳಬಹುದು.

ಇನ್ನು ಸ್ಕೂಟರ್. 16 ತುಂಬಿದವರಿಗೆ ಕಾನೂನು ಬಿಡುವುದು ಗೇರಿಲ್ಲದ, 50 ಸಿ.ಸಿ. ಮೀರದ ವಾಹನ ಮಾತ್ರ. ಮನೆಮನೆಯಲ್ಲಿರುವುದು 110, 125 ಸಿ.ಸಿ.ಯವು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 199ಎ ಕಲಂ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ತಪ್ಪೆಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, ₹25,000 ದಂಡ, ವಾಹನದ ನೋಂದಣಿ 12 ತಿಂಗಳು ರದ್ದು. ಮಗುವಿಗೆ 25 ತುಂಬುವ ತನಕ ಲೈಸೆನ್ಸ್ ಇಲ್ಲ. ಇದಕ್ಕಿಂತ ದೊಡ್ಡ ಹೊಡೆತದ ಬಗ್ಗೆ ಯಾರೂ ಹೇಳುವುದಿಲ್ಲ: ಗುದ್ದಿಸಿಕೊಂಡವರಿಗೆ ವಿಮಾ ಕಂಪನಿ ಪರಿಹಾರ ಕೊಟ್ಟರೂ, ಲೈಸೆನ್ಸ್ ಇಲ್ಲದವರ ಕೈಗೆ ವಾಹನ ಕೊಟ್ಟ ಮಾಲೀಕರಿಂದ ಆ ಹಣ ವಸೂಲಿ ಮಾಡಲು ನ್ಯಾಯಾಲಯಗಳು ಅನುಮತಿ ಕೊಡುತ್ತವೆ. ಎರಡೆಕರೆ ತೋಟ ಮಾರುವ ಸ್ಥಿತಿ ಬರುವುದು ಅಲ್ಲಿ.

ಹೆಲ್ಮೆಟ್ ಕೊಳ್ಳುವಾಗ ಐಎಸ್ 4151 ಎಂಬ ಸಂಖ್ಯೆಯಿರುವ ಐಎಸ್ಐ ಗುರುತು ನೋಡಿ. ಪಟ್ಟಿ ಬಿಗಿದ ಮೇಲೆ ಗಲ್ಲದ ಕೆಳಗೆ ಎರಡು ಬೆರಳಷ್ಟೇ ಹೋಗಬೇಕು. ಹಿಂದಿನಿಂದ ಮುಂದಕ್ಕೆ ಎತ್ತಿ ತಳ್ಳಿದರೆ ಕಳಚಿ ಬರಬಾರದು. ಅಪ್ಪನ ಅಳತೆಯ ಹೆಲ್ಮೆಟ್ ಮಗಳಿಗೆ ಆಗುವುದಿಲ್ಲ, ಬೀಳುವಾಗ ತಲೆಗಿಂತ ಮೊದಲು ಅದೇ ಹಾರಿಹೋಗುತ್ತದೆ. ಒಮ್ಮೆ ಜೋರಾಗಿ ಬಡಿದದ್ದನ್ನು ಎಸೆಯಿರಿ, ಪೆಟ್ಟು ನುಂಗುವುದು ಒಳಗಿನ ಥರ್ಮಾಕೋಲ್, ಅದು ಒಮ್ಮೆ ಅಮುಕಿಹೋದರೆ ಮುಗಿಯಿತು. ತ್ರಿಬಲ್ ರೈಡಿಂಗ್‌ನಲ್ಲಿ ಮೂರನೆಯವನ ಭಾರವೆಲ್ಲ ಹಿಂದೆ ಬಿದ್ದು ಮುಂದಿನ ಚಕ್ರದ ಹಿಡಿತ ಸಡಿಲವಾಗುತ್ತದೆ. ಚಾರ್ಮಾಡಿಯ ಒದ್ದೆ ತಿರುವಿನಲ್ಲಿ, ಎಲೆ ಉದುರಿದ ತೋಟದ ರಸ್ತೆಯಲ್ಲಿ ಹ್ಯಾಂಡಲ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ವೇಗ 40ರಿಂದ 60ಕ್ಕೆ ಏರಿದರೆ ಪೆಟ್ಟಿನ ಬಲ ಎರಡೂಕಾಲು ಪಟ್ಟಾಗುತ್ತದೆ.

ಆದರೆ ಪಿಯು ಹುಡುಗರು ಸ್ಕೂಟರ್ ಹತ್ತುವುದು ಶೋಕಿಗಷ್ಟೇ ಎಂದುಕೊಂಡರೆ ತಪ್ಪಾದೀತು. ಒಳಹಳ್ಳಿಯ ಬೆಳಗಿನ ಬಸ್ಸು ಒಂದೋ ಕಾಲೇಜಿಗಿಂತ ಗಂಟೆ ಮೊದಲು ತಲುಪುತ್ತದೆ, ಇಲ್ಲವೇ ಮೊದಲ ಪೀರಿಯಡ್ ಮುಗಿದ ಮೇಲೆ. ಸಂಜೆಯ ಬಸ್ಸಿನಲ್ಲಿ ಬಾಗಿಲಿಗೆ ಜೋತು ಬೀಳಬೇಕು. ಕಾಲೇಜಿನ ಆವರಣದೊಳಗೆ ಗಾಡಿ ತರಬಾರದೆಂಬ ನೋಟಿಸಿನಿಂದ ಆದದ್ದಿಷ್ಟೆ: ಗಾಡಿಗಳು ಹಿಂದಿನ ಓಣಿಯ ಅಂಗಡಿ ಮುಂದೆ ನಿಲ್ಲುತ್ತಿವೆ. ಹಾಸನ ಮತ್ತು ಚಿಕ್ಕಮಗಳೂರು ಕೆಎಸ್‌ಆರ್‌ಟಿಸಿ ವಿಭಾಗಗಳು ಜೂನ್ ಮೊದಲ ವಾರ ಕಾಲೇಜುಗಳಿಂದ ವೇಳಾಪಟ್ಟಿ, ಪಾಸ್ ಪಡೆದವರ ಊರುಗಳ ಪಟ್ಟಿ ತರಿಸಿಕೊಂಡು ಬಸ್ಸಿನ ಸಮಯ ಬದಲಿಸಿದರೆ ಎಷ್ಟೋ ಮನೆಗಳಲ್ಲಿ ಕೀಲಿ ಗೋಡೆಯ ಮೊಳೆಯಲ್ಲೇ ಉಳಿಯುತ್ತದೆ.

ಅಪಘಾತ ಕಂಡವರು ನಿಂತು ಸಹಾಯ ಮಾಡಲು ಹೆದರಬೇಕಿಲ್ಲ. ಮೋಟಾರು ವಾಹನ ಕಾಯ್ದೆಯ 134ಎ ಕಲಂ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಗಾಯಾಳುವಿಗೆ ನೀರು ಕುಡಿಸಬೇಡಿ, ಎತ್ತಿ ಕೂರಿಸಬೇಡಿ. ರಕ್ತ ಸೋರುವ ಕಡೆ ಶುಭ್ರ ಬಟ್ಟೆಯಿಟ್ಟು ಹತ್ತು ನಿಮಿಷ ತೆಗೆದು ನೋಡದೆ ಒತ್ತಿ ಹಿಡಿಯಿರಿ.

ತೋಟದ ಮನೆಯವರಿಗೆ ಎರಡು ಮಾತು. ಮೆಣಸು ಕೊಯ್ಯಲು ಅಲ್ಯೂಮಿನಿಯಂ ಏಣಿ ಬಳಸುವ ಕಡೆ ವಿದ್ಯುತ್ ತಂತಿ ಹಾದಿದ್ದರೆ ಬಿದಿರಿನ ಏಣಿಗೆ ಮರಳಿ, ರಜೆಯಲ್ಲಿರುವ ಮಕ್ಕಳನ್ನು ಆ ಕೆಲಸಕ್ಕೆ ಕರೆಯಲೇಬೇಡಿ. ಮರದ ಕೊಂಬೆ ತಂತಿಗೆ ತಾಗುತ್ತಿದ್ದರೆ ಹಾಸನದವರು ಸೆಸ್ಕ್‌ಗೆ, ಚಿಕ್ಕಮಗಳೂರಿನವರು ಮೆಸ್ಕಾಂಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಎರಡನೆಯದು ಬೆಳೆಗೆ ಹೊಡೆಯುವ ವಿಷದ ಔಷಧಿ. ಸಿಂಪಡಣೆಗೆ ತಂದು ಉಳಿದದ್ದನ್ನು ಅಟ್ಟದ ಮೇಲೋ ಬಚ್ಚಲುಮನೆಯ ಮೂಲೆಯಲ್ಲೋ ಇಡುವ ಅಭ್ಯಾಸ ಬಿಡಬೇಕು. ಕಬ್ಬಿಣದ ಪೆಟ್ಟಿಗೆ, ಬೀಗ, ಕೀಲಿ ಒಬ್ಬ ಹಿರಿಯರ ಬಳಿ ಮಾತ್ರ. ಸಾಯಬೇಕೆನ್ನಿಸುವ ದುಡುಕಿನ ಗಳಿಗೆ ಬಹಳ ಹೊತ್ತು ಇರುವುದಿಲ್ಲ. ಕೈಗೆ ಸಿಗದಿದ್ದರೆ ಎಷ್ಟೋ ಮಕ್ಕಳು ಅದನ್ನು ದಾಟಿ ಬದುಕುತ್ತಾರೆ. ಫಲಿತಾಂಶದ ವಾರದಲ್ಲಿ ಇದು ಇನ್ನೂ ಮುಖ್ಯ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಫೇಲಾದವರು ಅದೇ ವರ್ಷ ಪಾಸಾಗಬಹುದು ಎಂದು ಫಲಿತಾಂಶಕ್ಕೆ ಮೊದಲೇ ಹೇಳಿಡಿ. ಮಗು ಮಂಕಾಗಿದ್ದರೆ ‘ಸಾಯಬೇಕು ಅನ್ನಿಸುತ್ತಿದೆಯಾ’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಯಾರಾದರೂ ಔಷಧಿ ಕುಡಿದಿದ್ದರೆ ವಾಂತಿ ಮಾಡಿಸದೆ, ಬಾಟಲಿಯನ್ನೂ ಜೊತೆಗಿಟ್ಟುಕೊಂಡು ಆಸ್ಪತ್ರೆಗೆ ಓಡಿ.

ಕೊನೆಯದು, ಊರಿನ ಪಂಚಾಯಿತಿ ಕಟ್ಟೆಯಲ್ಲಿ ಮುಚ್ಚಿಹೋಗುವ ಹಿಂಸೆ. ಹದಿನೆಂಟರೊಳಗಿನ ಹುಡುಗಿ ಅಥವಾ ಹುಡುಗನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದೂ ದೂರು ಕೊಡದಿರುವುದು 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಶಾಲೆಯ ಮರ್ಯಾದೆಗೆಂದು ರಾಜಿ ಮಾಡಿಸುವ ಹಿರಿಯರು ಇದನ್ನು ಎರಡು ಸಲ ಓದಿಕೊಳ್ಳಲಿ. ಮೊದಲ 72 ಗಂಟೆ ಬಹಳ ಮುಖ್ಯ. ಎಚ್ಐವಿ ಮತ್ತು ಗರ್ಭ ತಡೆಯುವ ಔಷಧಿ ಕೆಲಸ ಮಾಡುವುದು ಆ ಅವಧಿಯಲ್ಲಿ, ಅದರಲ್ಲೂ ಬೇಗ ಕೊಟ್ಟಷ್ಟೂ ಒಳ್ಳೆಯದು. ಸ್ನಾನ ಮಾಡಿಸುವ ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ. ತೊಟ್ಟ ಬಟ್ಟೆಯನ್ನು ಪ್ಲಾಸ್ಟಿಕ್ ಬದಲು ಪೇಪರ್ ಕವರಿನಲ್ಲಿಡಿ, ಪ್ಲಾಸ್ಟಿಕ್‌ನಲ್ಲಿ ತೇವ ಕಟ್ಟಿ ಸಾಕ್ಷ್ಯ ಹಾಳಾಗುತ್ತದೆ. ಎಫ್ಐಆರ್ ಆಗಿಲ್ಲವೆಂದು ಚಿಕಿತ್ಸೆ ನಿರಾಕರಿಸುವಂತಿಲ್ಲ, ಸರ್ಕಾರಿ, ಖಾಸಗಿ ಎರಡೂ ಕಡೆ ಚಿಕಿತ್ಸೆ ಉಚಿತ. ಹೇಳಿಕೆ ಪಡೆಯಲು ಪೊಲೀಸರೇ ಸಮವಸ್ತ್ರವಿಲ್ಲದೆ ಮನೆಗೆ ಬರಬೇಕು, ರಾತ್ರಿ ಠಾಣೆಯಲ್ಲಿ ಮಗುವನ್ನು ಕೂರಿಸುವಂತಿಲ್ಲ. ಫೋಟೊ ಇಟ್ಟುಕೊಂಡು ಮೊಬೈಲಿನಲ್ಲಿ ಬೆದರಿಸುವವರಿಗೆ ಹಣ ಕೊಡಬೇಡಿ, ಚಾಟ್ ಅಳಿಸಬೇಡಿ, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ದೂರು ಕೊಡಿ. ಹೊಡೆತ, ಬಾಲ್ಯವಿವಾಹ, ಯಾವುದಕ್ಕೇ ಆಗಲಿ ಮಕ್ಕಳ ಸಹಾಯವಾಣಿ 1098 ಇದೆ. ಹೇಳಿದವರ ಹೆಸರು ಗುಟ್ಟಾಗಿರುತ್ತದೆ.

ನವೆಂಬರಿನಲ್ಲಿ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸುತ್ತವೆ. ಹಾಡು, ಭಾಷಣ, ಬಿಸ್ಕತ್ತಿಗೆ ಮುಗಿಸದೆ, ಹೈಸ್ಕೂಲು ಮಕ್ಕಳ ಕೈಗೆ ಊರಿನ ನಕ್ಷೆ ಕೊಟ್ಟು ಬೇಲಿಯಿಲ್ಲದ ಹೊಂಡ, ಜೆಸಿಬಿ ಗುಂಡಿ, ದೀಪವಿಲ್ಲದ ಬಸ್ ನಿಲ್ದಾಣ, ಹೋಗಲು ಹೆದರುವ ಓಣಿ ಇವನ್ನು ಗುರುತು ಹಾಕಿಸಿ. ಎಲ್ಲಿ ಈಜುತ್ತಾರೆ ಎಂಬುದು ಪಿಡಿಒಗಿಂತ ಅವರಿಗೇ ಚೆನ್ನಾಗಿ ಗೊತ್ತು. ಆ ಪಟ್ಟಿ ನಡಾವಳಿ ಪುಸ್ತಕದಲ್ಲಿ ಬರೆದು, ಒಂದೊಂದರ ಮುಂದೆ ಜವಾಬ್ದಾರರ ಹೆಸರು ಮತ್ತು ಮಾರ್ಚ್ 31ರೊಳಗಿನ ತಾರೀಖು ಹಾಕಬೇಕು. ಉಭಯ ಜಿಲ್ಲಾ ಪಂಚಾಯಿತಿಗಳು ಈ ಬಗ್ಗೆ ಸುತ್ತೋಲೆ ಹೊರಡಿಸಲಿ.

— ಕೆಲವು ಹೈಸ್ಕೂಲು ಶಿಕ್ಷಕರು ಮತ್ತು ಆರೋಗ್ಯ ಕಾರ್ಯಕರ್ತರು, ಹಾಸನ