ಭಾನುವಾರದಿಂದ ರೆವಿಟ್ ವಿಡಿಯೊ ಪಾಠಗಳು: ಸದಸ್ಯರ ಗಮನಕ್ಕೆ

ಎಲ್ಲ ಸದಸ್ಯರಿಗೂ ನಮಸ್ಕಾರ.

ಬರುವ ಭಾನುವಾರ ಬೆಳಿಗ್ಗೆ 10 ಗಂಟೆಗೆ ಸರಸ್ವತಿಪುರಂನ ನಮ್ಮ ಎಂದಿನ ಕೊಠಡಿಯಲ್ಲಿ ಕಟ್ಟಡದ ಮೂರು ಆಯಾಮದ ಮಾದರಿ ರಚಿಸುವ ರೆವಿಟ್ ತಂತ್ರಾಂಶದ ವಿಡಿಯೊ ಪಾಠಗಳನ್ನು ಒಟ್ಟಿಗೆ ನೋಡಿ ಕಲಿಯಲು ಆರಂಭಿಸುತ್ತಿದ್ದೇವೆ. ಈವರೆಗೆ ಆಟೊಕ್ಯಾಡ್‌ನಲ್ಲಿ ಮಾತ್ರ ನಕ್ಷೆ ಬಿಡಿಸಿರುವವರು ತಪ್ಪದೆ ಬರಬೇಕೆಂದು ಕೋರುತ್ತೇನೆ. ಪ್ಲಾನ್‌ನಲ್ಲಿ ಒಂದು ಕಿಟಕಿ ಸರಿಸಿದರೆ ಸೆಕ್ಷನ್ (ಕಟ್ಟಡವನ್ನು ಸೀಳಿ ತೋರಿಸುವ ನಕ್ಷೆ), ಎಲಿವೇಶನ್ (ಹೊರಮುಖದ ನಕ್ಷೆ) ಎರಡರಲ್ಲೂ ಅದು ತಾನಾಗಿಯೇ ಸರಿಯುವುದನ್ನು ಕಣ್ಣಾರೆ ಕಂಡಾಗಲೇ ಈ ತಂತ್ರಾಂಶದ ಬೆಲೆ ತಿಳಿಯುತ್ತದೆ.

ವಿದ್ಯಾರ್ಥಿಗಳು ರೆವಿಟ್ ತಯಾರಿಸುವ ಆಟೊಡೆಸ್ಕ್ ಕಂಪನಿಯ ಜಾಲತಾಣದಲ್ಲಿ ಕಾಲೇಜಿನ ದಾಖಲೆ ಕೊಟ್ಟು ಒಂದು ವರ್ಷದ ಉಚಿತ ಪರವಾನಗಿ ಪಡೆಯಬಹುದು. ದಾಖಲೆಯ ಪರಿಶೀಲನೆಗೆ ಸಮಯ ಹಿಡಿಯಬಹುದಾದ್ದರಿಂದ ಇಂದೇ ಅರ್ಜಿ ಹಾಕಿ. ರೆವಿಟ್‌ಗೆ ವಿಂಡೋಸ್ ಲ್ಯಾಪ್‌ಟಾಪ್ ಬೇಕು. ಹೊಸ ಆವೃತ್ತಿಯಲ್ಲಿ ಉಳಿಸಿದ ಕಡತ ಹಳೆಯ ಆವೃತ್ತಿಯಲ್ಲಿ ತೆರೆಯುವುದಿಲ್ಲವಾದ್ದರಿಂದ ಎಲ್ಲರೂ ಒಂದೇ ಆವೃತ್ತಿಯನ್ನು ಹಾಕಿಕೊಳ್ಳುವುದು ಅಗತ್ಯ.

ವಿದೇಶದ ಪಾಠಗಳಲ್ಲಿ ಅಡಿ-ಅಂಗುಲದ ಅಳತೆ, ಮರದ ಚೌಕಟ್ಟಿನ ಗೋಡೆ ಬರುವುದುಂಟು. ಅದನ್ನು ಹಾಗೆಯೇ ನಕಲು ಮಾಡದೆ, ಮೊದಲು ಅಳತೆಯನ್ನು ಮಿಲಿಮೀಟರ್‌ಗೆ ಬದಲಿಸಿ, 230 ಮಿ.ಮೀ. ಇಟ್ಟಿಗೆ, ಒಳಗೆ 12, ಹೊರಗೆ 20 ಮಿ.ಮೀ. ಗಾರೆಯ ನಮ್ಮ ಗೋಡೆಯನ್ನು ರಚಿಸಿಕೊಂಡು ಬನ್ನಿ. ಸುಮ್ಮನೆ ನೋಡಿದರೆ ಕೈಗೆ ಹತ್ತುವುದಿಲ್ಲ. ಐದೈದು ನಿಮಿಷಕ್ಕೆ ವಿಡಿಯೊ ನಿಲ್ಲಿಸಿ ಮಾಡಿ ನೋಡೋಣ.

ಬರುವವರು ನಿಮ್ಮಲ್ಲಿರುವ ಆವೃತ್ತಿಯನ್ನು ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ತಿಳಿಸಿ.