ಹೊಡೆದುಹಾಕಿದ ರೀಡಿಂಗುಗಳಿಗೆ ಧನ್ಯವಾದ

ಈ ಸಾಲಿನ ಪಿಯುಸಿ ಪ್ರಾಯೋಗಿಕ ತರಗತಿಗಳು ಮುಗಿದವು. ಮೊದಲ ಧನ್ಯವಾದ, ರಫ್ ಬುಕ್‌ನಲ್ಲಿ ರಬ್ಬರ್ ಮುಟ್ಟದ ಮಕ್ಕಳಿಗೆ. ತಪ್ಪಿದ ರೀಡಿಂಗನ್ನು ಉಜ್ಜಿ ಅಳಿಸದೆ, ಒಂದೇ ಗೆರೆ ಎಳೆದು ಪಕ್ಕದಲ್ಲಿ ಕಾರಣ ಬರೆದಿಟ್ಟಿರಿ. ಆ ಗೆರೆಯ ಕೆಳಗಿನ ಅಂಕಿಗಳೇ ಈ ವರ್ಷ ಹೆಚ್ಚು ಪಾಠ ಹೇಳಿದ್ದು.

ಟೈಟ್ರೇಶನ್‌ನ ಒಂದು ಪುಟ ನೋಡಿ: ಫ್ಲಾಸ್ಕ್‌ನ ಆಮ್ಲಕ್ಕೆ ಬ್ಯುರೆಟ್‌ನಿಂದ (ನಲ್ಲಿ ಇರುವ ಅಳತೆ ಕೊಳವೆ) ಪರ್ಮ್ಯಾಂಗನೇಟ್ ಹನಿಹನಿಯಾಗಿ ಬಿಟ್ಟು, ಎಷ್ಟು ಬೇಕಾಯಿತೆಂದು ಓದುವುದು. ಆಕ್ಸಾಲಿಕ್ ಆಮ್ಲ 0.05 ಮೋಲಾರ್ (ಲೀಟರಿಗೆ ಇಷ್ಟು ಮೋಲ್), ಅಂದರೆ 250 ಮಿಲಿಗೆ 1.575 ಗ್ರಾಂ ಹರಳು. ಅದರಲ್ಲಿ 20 ಮಿಲಿಯನ್ನು ಪಿಪೆಟ್‌ನಿಂದ (ನಿಗದಿತ ಅಳತೆ ಎತ್ತುವ ಕೊಳವೆ) ಫ್ಲಾಸ್ಕ್‌ಗೆ ಹಾಕಿದರೆ 0.02 ಮೋಲಾರ್ ಪರ್ಮ್ಯಾಂಗನೇಟ್ ಸರಿಯಾಗಿ 20 ಮಿಲಿ ಇಳಿಯಬೇಕು. ಪುಟದಲ್ಲಿ ಮೊದಲು 20.9, ಅದಕ್ಕೊಂದು ಗೆರೆ, ಪಕ್ಕದಲ್ಲಿ ‘ಫ್ಲಾಸ್ಕನ್ನೂ ಆಕ್ಸಾಲಿಕ್‌ನಲ್ಲೇ ತೊಳೆದೆ’. ಆಮೇಲೆ 20.0, 20.0. ಬ್ಯುರೆಟ್, ಪಿಪೆಟ್ ಎರಡನ್ನೂ ಅದರದರ ದ್ರಾವಣದಲ್ಲೇ ತೊಳೆಯಬೇಕು, ಇಲ್ಲದಿದ್ದರೆ ಒಳಗಿನ ನೀರು ದ್ರಾವಣವನ್ನು ತೆಳುಮಾಡುತ್ತದೆ. ಕೋನಿಕಲ್ ಫ್ಲಾಸ್ಕ್‌ಗೆ ಮಾತ್ರ ಬಟ್ಟಿ ಇಳಿಸಿದ ನೀರು ಸಾಕು. ಅಲ್ಲಿ ಲೆಕ್ಕಕ್ಕೆ ಬರುವುದು ಪಿಪೆಟ್‌ನಿಂದ ಬಿದ್ದ ಆಮ್ಲದ ಪ್ರಮಾಣ; ಗೋಡೆಗೆ ಅಂಟಿಕೊಂಡ ಆಮ್ಲ ಸೇರಿದರೆ ರೀಡಿಂಗ್ ಏರದೆ ಇನ್ನೇನಾಗುತ್ತದೆ?

ಇದೇ ಟೈಟ್ರೇಶನ್‌ನಲ್ಲಿ ಮೊದಲ ನಾಲ್ಕು ಹನಿಗೇ ‘ಎಂಡ್ ಪಾಯಿಂಟ್ ಬಂತು’ (ಆಮ್ಲ ಮುಗಿದು ಗುಲಾಬಿ ಬಣ್ಣ ನಿಂತಿತು) ಎಂದವರಿಗೆ ವಿಶೇಷ ಕೃತಜ್ಞತೆ. ಫ್ಲಾಸ್ಕ್ ತಣ್ಣಗಿತ್ತು. 60ರಿಂದ 70 ಡಿಗ್ರಿ ಬಿಸಿ ಇಲ್ಲದಿದ್ದರೆ ಕ್ರಿಯೆ ಆಮೆನಡಿಗೆ, ಗುಲಾಬಿ ಬಣ್ಣ ನಿಂತಂತೆ ಕಾಣುತ್ತದೆ. ಒಮ್ಮೆ ಮ್ಯಾಂಗನೀಸ್ ಅಯಾನು ಸ್ವಲ್ಪ ಹುಟ್ಟಿಕೊಂಡರೆ ಅದೇ ವೇಗವರ್ಧಕವಾಗಿ, ಮುಂದಿನ ಹನಿಗಳ ಬಣ್ಣ ತಟ್ಟನೆ ಮಾಯವಾಗುತ್ತದೆ. ಹಾಗಂತ ಕುದಿಸಬೇಡಿ, ಆಕ್ಸಾಲಿಕ್ ಆಮ್ಲವೇ ವಿಘಟನೆಯಾಗುತ್ತದೆ. ದ್ರಾವಣ ಕಂದು ತಿರುಗಿತೋ, ಫ್ಲಾಸ್ಕ್‌ಗೆ ಹಾಕುವ ಸಲ್ಫ್ಯೂರಿಕ್ ಆಮ್ಲ ಕಡಿಮೆಯಾಗಿದೆ ಅಥವಾ ಪರ್ಮ್ಯಾಂಗನೇಟ್ ಒಮ್ಮೆಲೇ ಸುರಿದಿದ್ದೀರಿ. ಆ ಕಂದು ಮ್ಯಾಂಗನೀಸ್ ಡೈಆಕ್ಸೈಡ್. ಆ ಫ್ಲಾಸ್ಕ್ ಚೆಲ್ಲಿ ಹೊಸದಾಗಿ ಶುರುಮಾಡುವುದೇ ಮೇಲು. ಸಲ್ಫ್ಯೂರಿಕ್ ಬದಲು ಹೈಡ್ರೋಕ್ಲೋರಿಕ್ ಹಾಕಿದವರೂ ಇದ್ದರು: ಪರ್ಮ್ಯಾಂಗನೇಟ್ ಕ್ಲೋರೈಡನ್ನೂ ತಿನ್ನುತ್ತದೆ, ರೀಡಿಂಗ್ ಹೆಚ್ಚು ಬರುತ್ತದೆ.

ಭೌತಶಾಸ್ತ್ರದ ಕಡೆ ಲೋಲಕದ ತಪ್ಪುಗಳೇ ಚೆಂದ, ಏಕೆಂದರೆ ಅವು ಅಂಕಿಯಲ್ಲೇ ಗುರುತು ಬಿಟ್ಟುಹೋಗುತ್ತವೆ. ಉದ್ದ 1 ಮೀಟರ್ ಇದ್ದರೆ 20 ಆಂದೋಲನಕ್ಕೆ ಸುಮಾರು 40.2 ಸೆಕೆಂಡ್. ವಾಚ್ ಒತ್ತುವಾಗ ‘ಸೊನ್ನೆ’ ಎನ್ನದೆ ‘ಒಂದು’ ಎಂದರೆ ನಿಜಕ್ಕೂ ಎಣಿಸಿದ್ದು 19, ಸಮಯ 38.2. ಅದನ್ನೇ 20ರದ್ದೆಂದು ಲೆಕ್ಕ ಹಾಕಿದರೆ g (ಗುರುತ್ವ ವೇಗೋತ್ಕರ್ಷ) ಸುಮಾರು 10.8! ಯಾರ ಪುಟದಲ್ಲಿ 10.8 ಕಂಡರೂ ಪ್ರಶ್ನೆ ಕೇಳಬೇಕಿಲ್ಲ, ಎಣಿಕೆ ಎಲ್ಲಿ ಶುರುವಾಯಿತೆಂದು ಗೊತ್ತು. 9.7ರ ಹತ್ತಿರ ಬಂದರೆ ಗುಂಡಿನ ತ್ರಿಜ್ಯ ಸೇರಿಸಿದ್ದೀರಾ ನೋಡಿ: ಉದ್ದವನ್ನು ಗುಂಡಿನ ಮಧ್ಯದವರೆಗೆ ಅಳೆಯಬೇಕು, ದಾರಕ್ಕೆ ಗಂಟು ಹಾಕಿದ ಜಾಗದವರೆಗಲ್ಲ. ಸೊಗಸೆಂದರೆ, ಹಲವು ಉದ್ದಗಳಿಗೆ T²ನ (ಒಂದು ಆಂದೋಲನದ ಕಾಲದ ವರ್ಗ) ಗ್ರಾಫ್ ಎಳೆದರೆ ಈ ಮರೆವು ಇಳಿಜಾರನ್ನು ಕೆಡಿಸುವುದಿಲ್ಲ. ಗೆರೆ ಮೂಲಬಿಂದುವಿನಿಂದ ಕೊಂಚ ಸರಿಯುತ್ತದೆ ಅಷ್ಟೆ. ಬೆಂಗಳೂರಿನಲ್ಲಿ gಯ ನಿಜವಾದ ಬೆಲೆ ಸುಮಾರು 9.78. ಹತ್ತೂ ರೀಡಿಂಗಿಗೆ 9.80 ಬಂದಿರುವ ಪುಟ ಕಂಡರೆ, ಸೀನಿಯರ್ ರೆಕಾರ್ಡ್‌ನಿಂದ ಇಳಿದಿದ್ದು ಎಂದೇ ಲೆಕ್ಕ.

ಪ್ರಯೋಗಾಲಯ ಸಹಾಯಕರಿಗೆ ಹೇಳಬೇಕಾದದ್ದು ಬೇರೆಯೇ ಇದೆ. ಪರ್ಮ್ಯಾಂಗನೇಟ್ ಕರಗಿಸಿ ಕುದಿಸಿ, ರಾತ್ರಿಯಿಡೀ ಬಿಟ್ಟು, ಸೋಸು ಕಾಗದದಲ್ಲಲ್ಲ, ಗಾಜಿನ ಉಣ್ಣೆಯಲ್ಲಿ ಸೋಸಿ ಕಂದು ಬಾಟಲಿಗೆ ತುಂಬಿಟ್ಟವರು ನೀವು. ಕಾಗದ ಬಳಸಿದ್ದರೆ ಅದೇ ಪರ್ಮ್ಯಾಂಗನೇಟನ್ನು ಅಪಕರ್ಷಿಸಿ ದ್ರಾವಣದ ಬಲ ಇಳಿಸುತ್ತಿತ್ತು. ಬ್ಯುರೆಟ್‌ನ ಸ್ಟಾಪ್‌ಕಾಕ್‌ಗೆ (ನಲ್ಲಿ) ವ್ಯಾಸಲೀನ್ ತೆಳ್ಳಗೆ ಸವರಿ, ತೂತಿಗೆ ಮೆತ್ತಿಕೊಳ್ಳದಂತೆ ನೋಡಿಕೊಂಡದ್ದಕ್ಕೂ ಧನ್ಯವಾದ. ಇಷ್ಟಾದರೂ ಬ್ಯುರೆಟ್‌ನ ತುದಿಯಲ್ಲಿ ಗಾಳಿಗುಳ್ಳೆ ಉಳಿಸಿಕೊಂಡು ಅರ್ಧ ಮಿಲಿ ಹೆಚ್ಚು ಓದಿದವರಿದ್ದರು. ಅದು ನಿಮ್ಮ ತಪ್ಪಲ್ಲ.

ಮುಂದಿನ ಸಾಲಿನವರಿಗಾಗಿ ಈ ರಫ್ ಬುಕ್‌ಗಳು ತಕ್ಕಡಿ ಪಕ್ಕದ ಕಪಾಟಿನಲ್ಲಿ ಇರುತ್ತವೆ, ಗೆರೆ ಎಳೆದ ಪುಟಗಳಿಗೆ ಚೀಟಿ ಅಂಟಿಸಿದೆ. ಬ್ಯುರೆಟ್‌ಗಳನ್ನು ತೊಳೆದು, ನಲ್ಲಿ ತೆರೆದು, ತಲೆಕೆಳಗಾಗಿ ಸ್ಟ್ಯಾಂಡ್‌ಗೆ ಸಿಕ್ಕಿಸಿ ಹೋದವರಿಗೂ ನಮಸ್ಕಾರ.